ಕುರ್ಲಾದಿಂದ ಬಿಸಿಲಿಗೆ ಎಂಟು ದಿನ

ಆಗಸ್ಟ್ 8, ಶುಕ್ರವಾರ. ಬೆಳಿಗ್ಗೆ ಆರು ನಲವತ್ತಕ್ಕೆ ಕುರ್ಲಾದ ನಮ್ಮ ಚಾಳಿನ ಕೋಣೆಗೆ ಬೀಗ ಹಾಕಿದೆವು. ಮಳೆ ಸುರಿಯುತ್ತಿತ್ತು. ಜೂನ್ ಒಂದರಿಂದ ನಾನು ಬರೆದಿಟ್ಟ ಪ್ರಕಾರ ಹಿಂದಿನ ಅರವತ್ತೆಂಟು ದಿನಗಳಲ್ಲಿ ಐವತ್ತೇಳು ದಿನ ಮಳೆಯಾಗಿತ್ತು. ನಮ್ಮ ಗೋಡೆಯ ಮೇಲೆ ಬಿಸಿಲು ಬಿದ್ದದ್ದು ನಾಲ್ಕೇ ದಿನ, ಅದೂ ಒಟ್ಟು ಎರಡು ಗಂಟೆ ಮೀರಿರಲಿಲ್ಲ. ಅದೇ ಡೈರಿಯ ಇನ್ನೊಂದು ಕಾಲಮ್ಮಿನಲ್ಲಿ ಅಕ್ಕ ದಿನಕ್ಕೆ ಎಷ್ಟು ಸಲ ಪಂಪ್ ಎಳೆದಳು ಎಂಬುದಿತ್ತು. ಉಬ್ಬಸಕ್ಕೆ ಬಾಯಲ್ಲಿಟ್ಟು ಎಳೆಯುವ ನೀಲಿ ಡಬ್ಬಿಗೆ ನಮ್ಮ ಗಲ್ಲಿಯಲ್ಲಿ ಎಲ್ಲರೂ ಪಂಪ್ ಎನ್ನುತ್ತಾರೆ. ಜೂನ್ ಮೊದಲ ವಾರ ದಿನಕ್ಕೆ ಒಂದೆರಡು ಸಲ ಇದ್ದದ್ದು ಆಗಸ್ಟ್ ಹೊತ್ತಿಗೆ ಆರಕ್ಕೆ ಏರಿತ್ತು.

ನಾನು ಬೈಕುಲ್ಲಾದ ಒಂದು ಗೋದಾಮಿನಲ್ಲಿ ಸ್ಟಾಕ್ ಬರೆಯುತ್ತೇನೆ. ಅಕ್ಕ ಸಾವಿತ್ರಿ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಗಂಡನ ಮನೆ ಬಿಟ್ಟು ಬಂದ ಮೇಲೆ ಮಾಟುಂಗದ ಒಂದು ಖಾನಾವಳಿಗೆ ಜೋಳದ ರೊಟ್ಟಿ ಮಾಡಿಕೊಟ್ಟು ತನ್ನ ಕಾಲ ಮೇಲೆ ನಿಂತಳು, ನನ್ನನ್ನೂ ಓದಿಸಿದಳು. ಹೋದ ಮಳೆಗಾಲದಲ್ಲಿ ಅವಳನ್ನು ಎರಡು ಸಲ ಆಸ್ಪತ್ರೆಗೆ ಸೇರಿಸಿದ್ದೆ. ಈ ಸಲ ಕುರ್ಲಾದ ಡಾಕ್ಟರರು, ‘ಮೂರನೇ ಸಲ ತಡವಾದರೆ ನನ್ನ ಕೈಯಲ್ಲಿಲ್ಲ, ಒಣ ಹವೆಗೆ ಕರೆದುಕೊಂಡು ಹೋಗು’ ಎಂದಿದ್ದರು. ವಿಜಯಪುರ ಜಿಲ್ಲೆಯ ಇಂಡಿ ಊರಿನ ಹತ್ತಿರದ ಹಳ್ಳಿಯಲ್ಲಿ ನಮ್ಮ ಚಿಗವ್ವ ಇದ್ದಾಳೆ. ಅಲ್ಲಿ ಎಂಟು ದಿನ ನೋಡುವುದು, ಹಿಡಿಸಿದರೆ ದಸರೆಯವರೆಗೆ ಅಕ್ಕನನ್ನು ಅಲ್ಲೇ ಬಿಟ್ಟು ಬರುವುದು ಎಂದು ಹೊರಟಿದ್ದೆವು.

ಕುರ್ಲಾ ಸ್ಟೇಷನ್ನಿನ ಸೇತುವೆ ಹತ್ತುವಾಗ ಒಂದು ಪಂಪ್. ಸ್ಲೋ ಲೋಕಲ್ ಹಿಡಿದು ದಾದರ್‌ಗೆ ಬಂದು, ಸೋಲಾಪುರದ ಕಡೆ ಹೋಗುವ ಹಗಲು ಗಾಡಿ ಹತ್ತಿದೆವು. ಸ್ಲೀಪರ್ ಬೋಗಿ, ಕಿಟಕಿಯ ಪಕ್ಕದ ಸೀಟು ಅಕ್ಕನಿಗೆ. ಕರ್ಜತ್‌ನಲ್ಲಿ ಘಾಟಿ ಹತ್ತಲು ಹಿಂದೆ ಇಂಜಿನ್ ಜೋಡಿಸುವಾಗ ಎರಡು ವಡಾಪಾವ್ ತಿಂದೆವು. ಸುರಂಗಗಳ ನಡುವೆ ಬೆಟ್ಟದಿಂದ ನೀರು ಬೀಳುವುದನ್ನು ನೋಡಲು ಜನ ಬಾಗಿಲಿಗೆ ನುಗ್ಗಿದರು, ಮೊಬೈಲು ಹಿಡಿದರು. ಅಕ್ಕ ಕಿಟಕಿ ಇಳಿಸಿ, ಸೆರಗಿನಿಂದ ಮೂಗು ಮುಚ್ಚಿ ಕೂತಳು. ಎರಡನೇ ಪಂಪ್ ಅಲ್ಲಿ.

ಎದುರಿಗೆ ಸೋಲಾಪುರದ ಚಾದರದ ವ್ಯಾಪಾರಿಯೊಬ್ಬರು ಕೂತಿದ್ದರು. ನಾವು ಎಲ್ಲಿಗೆ, ಏಕೆ ಎಂದು ಕೇಳಿ ತಿಳಿದುಕೊಂಡು ನಕ್ಕರು.

‘ನಮ್ಮ ಬಿಸಲಿಗಿ ಅಂಜಿ ಮಂದಿ ಮುಂಬೈಗೆ ಓಡ್ತಾರ. ಬಿಸಲು ಹುಡುಕ್ಕೊಂತ ಬರೋರು ನೀವs ಮೊದಲು ನೋಡ್ರಿ.’

‘ಪುಕ್ಕಟೆ ಐತೇನ್ರಿ ನಿಮ್ಮ ಬಿಸಲು?’ ಎಂದಳು ಅಕ್ಕ.

‘ಪುಕ್ಕಟೆ ಬೇ ತಂಗಿ. ಎಷ್ಟ ಬೇಕ ಅಷ್ಟು ಗಂಟು ಕಟ್ಕೊಂಡು ಒಯ್ಯಿ.’

ಪುಣೆಯಲ್ಲಿ ಮಳೆ ಇರಲಿಲ್ಲ, ಮೋಡವಿತ್ತು. ದೌಂಡ್ ದಾಟಿದ ಮೇಲೆ, ಮಧ್ಯಾಹ್ನ ಒಂದರ ಸುಮಾರಿಗೆ, ಕಿಟಕಿಯ ಸರಳುಗಳ ನಡುವಿನಿಂದ ಬಿಸಿಲು ಅಕ್ಕನ ತೊಡೆಯ ಮೇಲೆ ಬಿತ್ತು. ಅವಳು ಅದರೊಳಗೆ ಎರಡೂ ಅಂಗೈ ಇಟ್ಟು, ಆಮೇಲೆ ಮಗುಚಿ ಹಿಂಬದಿಯನ್ನೂ ಇಟ್ಟಳು. ಕುರ್ಡುವಾಡಿ ಬರುವವರೆಗೂ ಹಾಗೇ ಕೂತಿದ್ದಳು.

ಸೋಲಾಪುರದಿಂದ ವಿಜಯಪುರದ ಬಸ್ಸು ಹಿಡಿದು, ಭೀಮಾ ನದಿ ದಾಟಿ ಝಳಕಿಯಲ್ಲಿ ಇಳಿದೆವು. ಅಲ್ಲಿಂದ ಇಂಡಿಯ ಬಸ್ಸು. ಕರ್ನಾಟಕದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವೆಂದು ಅಕ್ಕ ಹುರುಪಿನಿಂದ ಆಧಾರ್ ಕಾರ್ಡು ತೆಗೆದಳು. ಕಂಡಕ್ಟರ್ ಅದನ್ನು ತಿರುಗಿಸಿ ನೋಡಿದ.

‘ಇದು ಮುಂಬೈದ ಐತಲ್ಲಬೇ ಯವ್ವಾ.’

‘ಮಾತು ಇಲ್ಲೀದs ಐತ್ರಿ.’

‘ಮಾತಿಗಿ ಪಾಸ್ ಇಲ್ಲ. ಟಿಕೆಟ್ ತಗೋರಿ.’

ಬಸ್ಸಿನ ಹೆಂಗಸರೆಲ್ಲ ನಕ್ಕರು, ಅಕ್ಕನೂ ನಕ್ಕಳು. ನಕ್ಕ ಮೇಲೆ ಅವಳಿಗೆ ಕೆಮ್ಮು ಬರಲಿಲ್ಲ. ಅದನ್ನು ನಾನು ಬರೆದುಕೊಂಡೆ. ಹೊತ್ತು ಮುಳುಗುವ ಮೊದಲು ಚಿಗವ್ವನ ಮನೆ ತಲುಪಿದೆವು. ಆ ದಿನದ ಒಟ್ಟು ಪಂಪ್ ಎರಡು.

ಆಗಸ್ಟ್ 9, 10, 11. ಮೂರೂ ದಿನ ಬಿಸಿಲು. ಚಿಗವ್ವ ನಮ್ಮ ಚೀಲ ಬಿಚ್ಚಿದವಳೇ ಮೂಗು ಮುರಿದಳು. ‘ಏನs ಸಾವಕ್ಕಾ, ನಿನ್ನ ಸೀರಿಗೆ ಬೂಸರು ಹತ್ತೇತಲ್ಲ. ಮನ್ಯಾಗ ಇರ್ತೀರೋ ಬಾವ್ಯಾಗ ಇರ್ತೀರೋ?’ ಎಲ್ಲ ಬಟ್ಟೆಗಳನ್ನೂ ಮಾಳಿಗೆಯ ಮೇಲೆ ಹರವಿದಳು. ಸಂಜೆ ತೆಗೆದಾಗ ಅವು ಹಪ್ಪಳದಂತೆ ಗರಗರ ಎನ್ನುತ್ತಿದ್ದವು. ಎರಡು ತಿಂಗಳಲ್ಲಿ ಮೊದಲ ಸಲ ನಾನು ಪೂರ್ತಿ ಒಣಗಿದ ಬನಿಯನ್ ಹಾಕಿಕೊಂಡೆ.

ಚಿಗವ್ವ ಅಕ್ಕನಿಗೆ ಏನನ್ನೂ ಮುಟ್ಟಗೊಡಲಿಲ್ಲ. ‘ಮೂರು ದಿನ ಬೀಗರಾಕಿ ನೀ’ ಎಂದು ಕಟ್ಟೆಯ ಮೇಲೆ ಕೂರಿಸಿದಳು. ಅಕ್ಕ ಉಂಡಳು, ಮಲಗಿದಳು, ಬೇವಿನ ನೆರಳಿನಿಂದ ಬಿಸಿಲಿಗೆ, ಬಿಸಿಲಿನಿಂದ ನೆರಳಿಗೆ ಚಾಪೆ ಎಳೆದುಕೊಂಡಳು. ಒಂಬತ್ತರಂದು ಪಂಪ್ ಒಂದು. ಹತ್ತರಂದು ಸೊನ್ನೆ. ಹನ್ನೊಂದರಂದು ಸೊನ್ನೆ. ಆ ಸೊನ್ನೆಗಳನ್ನು ನಾನು ಬೇಕೆಂದೇ ದೊಡ್ಡದಾಗಿ ಬರೆದೆ. ಹನ್ನೊಂದರ ಸಂಜೆ ಅವಳು ತಾನೇ ಮಾಳಿಗೆಯ ನಿಚ್ಚಣಿಕೆ ಹತ್ತಿ ಬಂದು, ನಡುವೆ ನಿಲ್ಲದೆ ಮಾತಾಡಿದಳು.

‘ಸಂಗೂ, ಉಸರು ತಳದತನಾ ಹೋಗಾಕತ್ತೇತೋ. ನಾ ದಸರಾತನಾ ಇಲ್ಲೇ ಇರ್ತೀನಿ. ನೀ ಒಬ್ಬಾಂವ ಅಲ್ಲೆ ಏನ್ ಉಣ್ತಿ?’

‘ಪಾವ್ ತಿಂತೀನಿ.’

‘ತಿನ್ನು. ಮೈಗೆ ಹತ್ತಲಿ.’

ಆಗಸ್ಟ್ 12, ಮಂಗಳವಾರ. ಆ ಊರಿನ ಮಠದಲ್ಲಿ ಶ್ರಾವಣ ಪೂರ್ತಿ ಪುರಾಣ ನಡೆಯುತ್ತದೆ, ಕೇಳಲು ಬಂದವರಿಗೆಲ್ಲ ಊಟ. ಅದಕ್ಕೆ ಬೇಕಾದ ಕಡಕ್ ರೊಟ್ಟಿಯನ್ನು ಓಣಿಗೊಂದು ದಿನದಂತೆ ಹೆಂಗಸರೇ ಮಾಡಿಕೊಡಬೇಕು. ಅಂದು ಚಿಗವ್ವನ ಓಣಿಯ ಪಾಳಿ. ಅವಳ ಪಡಸಾಲೆಯಲ್ಲೇ ಏಳು ಒಲೆ ಹೂಡಿದರು. ಗಾಳಿಗೆ ಬೆಂಕಿ ಆರಬಾರದೆಂದು ಬಾಗಿಲಿಗೆ ಜಮಖಾನೆ ಇಳಿಬಿಟ್ಟರು. ಮುಂಬೈಯಲ್ಲಿ ದಿನಕ್ಕೆ ನೂರೆಂಬತ್ತು ರೊಟ್ಟಿ ಬಡಿಯುವವಳು ಬಂದಿದ್ದಾಳೆಂದು ಚಿಗವ್ವ ಆಗಲೇ ಓಣಿಯಲ್ಲೆಲ್ಲ ಹೇಳಿಯಾಗಿತ್ತು.

‘ಅಕ್ಕಾ, ಬ್ಯಾಡ. ಹೊಗಿ ಐತಿ,’ ಎಂದೆ ನಾನು.

‘ಮಠದ ಕೆಲಸಕ್ಕ ಬ್ಯಾಡ ಅಂತಾರೇನೋ? ಒಲಿ ಮುಂದ ಕುಂಡ್ರಂಗಿಲ್ಲ, ಬರೇ ಬಡೀತೀನಿ.’

ರೊಟ್ಟಿ ಬಡಿಯುವುದನ್ನು ಕಾಣದವರಿಗಾಗಿ ಬರೆಯುತ್ತೇನೆ. ಕಲಸಿದ ಹಿಟ್ಟಿನ ಉಂಡೆಯನ್ನು ಕೊಣಮಿಗೆ ಎನ್ನುವ ಅಗಲದ ಮರದ ತಟ್ಟೆಯಲ್ಲಿಟ್ಟು, ಕೆಳಗೂ ಮೇಲೂ ಒಣ ಹಿಟ್ಟು ಉದುರಿಸಿ, ಅಂಗೈಯಿಂದ ತಟ್ಟುತ್ತ ತಿರುಗಿಸುತ್ತಾರೆ. ಪ್ರತಿ ಏಟಿಗೂ ಒಣ ಹಿಟ್ಟು ಸಣ್ಣಗೆ ಮೇಲೇಳುತ್ತದೆ. ತೆಳ್ಳಗಾದಷ್ಟೂ ಹೆಚ್ಚು ಹಿಟ್ಟು ಬೇಕು. ಅಕ್ಕನ ರೊಟ್ಟಿ ಎಲ್ಲರದಕ್ಕಿಂತ ತೆಳ್ಳಗೆ. ಹೆಂಗಸರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ‘ಇದರಾಗ ನನ್ನ ಗಂಡನ ಮಾರಿ ಕಾಣಾಕತ್ತೇತಿ’ ಎಂದು ಒಬ್ಬಳು ಅಂದಳು. ‘ಹಂಗಾದ್ರ ಬ್ಯಾಗ ತಿಂದ್ಬಿಡು’ ಎಂದಳು ಅಕ್ಕ. ಪಡಸಾಲೆಯ ತುಂಬ ನಗು.

ಅವಳು ಬಡಿದದ್ದು ಎಪ್ಪತ್ತನಾಲ್ಕು. ಎಪ್ಪತ್ತೈದನೆಯದು ಕೊಣಮಿಗೆಯಲ್ಲೇ ಉಳಿಯಿತು. ನಾನು ಒಳಗೆ ಹೋದಾಗ ಅವಳು ಎರಡೂ ಕೈ ನೆಲಕ್ಕೂರಿ ಬಾಗಿದ್ದಳು. ತುಟಿ ಬೂದಿಯ ಬಣ್ಣವಾಗಿತ್ತು. ಕುತ್ತಿಗೆಯ ಕುಳಿ ಪ್ರತಿ ಉಸಿರಿಗೂ ಒಳಗೆ ಎಳೆದುಕೊಳ್ಳುತ್ತಿತ್ತು. ಪಂಪ್ ನಾಲ್ಕು, ಹತ್ತು ನಿಮಿಷ ಬಿಟ್ಟು ಮತ್ತೆ ನಾಲ್ಕು. ಹೊರಗೆ ಸುಡುವ ಬಿಸಿಲಿತ್ತು. ಒಂದು ಹನಿ ತೇವ ಎಲ್ಲೂ ಇರಲಿಲ್ಲ. ಓಣಿಯವರ ಟಂಟಂ ರಿಕ್ಷಾದಲ್ಲಿ ಅವಳನ್ನು ಇಂಡಿಯ ಆಸ್ಪತ್ರೆಗೆ ಒಯ್ದೆವು. ಅಲ್ಲಿ ಆಕ್ಸಿಜನ್ ಹಚ್ಚಿ ತಹಬಂದಿಗೆ ತಂದು, ಮರುದಿನ ವಿಜಯಪುರದ ಎದೆರೋಗದ ಡಾಕ್ಟರಿಗೆ ತೋರಿಸಲು ಚೀಟಿ ಬರೆದುಕೊಟ್ಟರು.

ಆಗಸ್ಟ್ 13, ಬುಧವಾರ. ವಿಜಯಪುರದ ಡಾಕ್ಟರು ಐವತ್ತು ದಾಟಿದ ಹೆಂಗಸು. ಮೊದಲು ನಮ್ಮ ಮುಂಬೈಯ ಫೈಲು ನೋಡಿದರು. ಅದರಲ್ಲಿ ಕೆಲಸ ಎಂಬ ಜಾಗದಲ್ಲಿ ‘ಗೃಹಿಣಿ’ ಎಂದಿತ್ತು. ಬರೆದವನು ನಾನೇ. ಮನೆಯಲ್ಲಿ ಕೂತು ಮಾಡುವುದನ್ನು ನಾವು ಯಾರೂ ಕೆಲಸವೆಂದು ಹೇಳಿಕೊಂಡವರಲ್ಲ, ಅಕ್ಕನೂ ಅಲ್ಲ.

‘ದಿನಾ ಏನ್ ಮಾಡ್ತೀಯವ್ವಾ?’

‘ಏನಿಲ್ರಿ, ಮನ್ಯಾಗs ಇರ್ತೀನಿ.’

‘ಸುಮ್ನ ಕುಂಡ್ರತೀ ಏನು?’

‘ಕುಂತ್ರ ಹೆಂಗ್ರಿ, ನೂರಾ ಎಂಬತ್ತು ರೊಟ್ಟಿ ಯಾರು ಬಡೀತಾರ?’

ಡಾಕ್ಟರು ಪೆನ್ನು ಕೆಳಗಿಟ್ಟರು. ಎಲ್ಲಿ ಬಡಿಯುತ್ತಿ, ಕಿಟಕಿ ಇದೆಯೇ ಎಂದು ಕೇಳಿದರು. ಬೇಸಿಗೆಯಲ್ಲಿ ಹೊರಗಿನ ಗ್ಯಾಲರಿಯಲ್ಲಿ, ಮಳೆ ಶುರುವಾದರೆ ಕೋಣೆಯೊಳಗೆ, ಬಾಗಿಲು ಮುಚ್ಚಿಕೊಂಡು. ವಾರದಲ್ಲಿ ರಜೆ ಇದೆಯೇ? ಖಾನಾವಳಿಗೆ ಸೋಮವಾರ ರಜೆ. ನನ್ನ ಡೈರಿ ಕೇಳಿ ತೆಗೆದುಕೊಂಡು, ಬೆರಳಿಟ್ಟು ಸೋಮವಾರಗಳನ್ನಷ್ಟೇ ಓದಿದರು. ಜೂನ್ ಒಂದರಿಂದ ಮುಂಬೈ ಬಿಡುವವರೆಗೆ ಹತ್ತು ಸೋಮವಾರ. ಅವುಗಳಲ್ಲಿ ಎಂಟು ದಿನ ಒಂದೇ ಒಂದು ಪಂಪ್, ಅಥವಾ ಸೊನ್ನೆ. ಜುಲೈಯಲ್ಲಿ ಲೋಕಲ್ ನಿಂತು ನಾನು ಬೈಕುಲ್ಲಾದಿಂದ ಹಳಿಯ ಮೇಲೆ ನಡೆದು ಬಂದ ದಿನವೂ ಸೋಮವಾರ. ಅಂಥ ಮಳೆಯ ದಿನವೂ ಅಲ್ಲಿ ಸೊನ್ನೆಯೇ ಇತ್ತು.

‘ತಮ್ಮಾ, ಎಲ್ಲಾ ಛಲೋ ಬರದಿ,’ ಎಂದರು. ‘ಮಳಿ ಒಂದರ ಮ್ಯಾಲs ಕಣ್ಣಿಟ್ಟಿದ್ದಿ. ಇಕಿಗೆ ಥಂಡಿ ತ್ರಾಸ ಕೊಡ್ತೈತಿ, ಇಲ್ಲ ಅನ್ನಂಗಿಲ್ಲ. ಆದ್ರ ಎದಿ ಕಟ್ಟಾಕತ್ತಿದ್ದು ಹಿಟ್ಟು. ಟೆಸ್ಟ್ ಮಾಡ್ಸೂಣು, ನನಗಂತೂ ಸಂಶೇ ಇಲ್ಲ. ಹಿಟ್ಟು ಬಿಡಬೇಕು.’

‘ಎಷ್ಟ ದಿನ್ರಿ?’ ಎಂದಳು ಅಕ್ಕ.

‘ಬಿಡೂದವ್ವಾ. ಪೂರ್ತಿ.’

ಟೆಸ್ಟಿಗೆ ರಕ್ತ ಕೊಟ್ಟು ಹೊರಗೆ ಬಂದೆವು. ಬಸ್‌ಸ್ಟ್ಯಾಂಡಿನವರೆಗೆ ಮುಕ್ಕಾಲು ಕಿಲೋಮೀಟರ್ ನಡೆದೆವು. ಬಿಸಿಲಿನಿಂದ ಡಾಂಬರು ಮೆತ್ತಗಾಗಿತ್ತು. ಈ ಬಿಸಿಲಿಗಾಗಿ ನಾನು ನಾಲ್ಕು ತಿಂಗಳಿಂದ ರಜೆ ಕೂಡಿಸಿದ್ದೆ. ಮಳೆ ವೈರಿಯಾಗಿದ್ದರೆ ಅದರಿಂದ ಓಡಿಹೋಗಲು ಒಂದು ಊರಾದರೂ ಇರುತ್ತಿತ್ತು.

ಆಗಸ್ಟ್ 14, ಗುರುವಾರ. ಬೆಳಿಗ್ಗೆ ನಾನು ಅಕ್ಕನಿಗೆ ಬೇರೆ ದಾರಿಗಳನ್ನು ಹೇಳುತ್ತ ಹೋದೆ. ಇಡ್ಲಿ ಮಾಡಬಹುದು. ‘ಮಾಟುಂಗದಾಗ ಉಡುಪಿಯವರ ಮುಂದ ನಾ ಇಡ್ಲಿ ಮಾರ್ಲ್ಯಾ? ಕರದು ಚಹಾ ಕುಡಿಸಿ ಕಳಸ್ತಾರ.’ ಮಾಸ್ಕ್ ಹಾಕಿಕೊಳ್ಳಬಹುದು. ‘ಈಗs ಉಸರಿಲ್ಲ, ಅದರ ಮ್ಯಾಲ ಬಾಯಿ ಬ್ಯಾರೆ ಕಟ್ಟು.’ ಇಲ್ಲೇ ಚಿಗವ್ವನ ಹತ್ತಿರ ಉಳಿಯಬಹುದು.

ಅದಕ್ಕೆ ಉತ್ತರ ಮಧ್ಯಾಹ್ನ ಚಿಗವ್ವನಿಂದ ಬಂತು. ಅವಳು ಕೆಟ್ಟವಳಲ್ಲ. ಅಕ್ಕನ ತಲೆಗೆ ಎಣ್ಣೆ ಹಚ್ಚುತ್ತ, ಮೆತ್ತಗೆ ಹೇಳಿದಳು.

‘ಇರವ್ವ, ನಾ ಏನ್ ಬ್ಯಾಡ ಅನ್ನಂಗಿಲ್ಲ. ಆದ್ರ ಈ ಮನ್ಯಾಗ ದಿನಾ ಎರಡೂ ಹೊತ್ತು ಹಿಟ್ಟು ಹಾರ್ತೈತಿ. ನೀ ಎಲ್ಲಿ ಕುಂಡ್ರತಿ? ಹೊರಗ ಕಟ್ಟಿ ಮ್ಯಾಲೆ ಎಷ್ಟ ದಿನಾ ಕುಂಡ್ರತಿ? ನಾಕು ದಿನಾ ಮಂದಿ ಪಾಪ ಅಂತಾರ, ಐದನೇ ದಿನಾ ಬ್ಯಾರೇನs ಅಂತಾರ.’

‘ಖರೇ ಐತಿ ಚಿಗವ್ವಾ,’ ಎಂದಳು ಅಕ್ಕ.

ಸಂಜೆ ಖಾನಾವಳಿಯ ಮಾಲಕರ ಫೋನು ಬಂತು. ಬದಲಿಗೆ ಹಿಡಿದ ಹೆಂಗಸಿನ ರೊಟ್ಟಿ ದಪ್ಪ, ಗಿರಾಕಿಗಳು ತಟ್ಟೆಯಲ್ಲೇ ಬಿಡುತ್ತಿದ್ದಾರೆ, ಆದರೂ ಎಷ್ಟು ದಿನ ಕಾಯಲಿ ಎಂದು ಕೇಳಿದರು. ಅಕ್ಕ ಹೊರಗೆ ಹೋಗಿ ಮಾತಾಡಿದಳು. ಏನು ಹೇಳಿದಳೆಂದು ನಾನು ಕೇಳಲಿಲ್ಲ.

ಆಗಸ್ಟ್ 15, ಶುಕ್ರವಾರ. ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಚಿಗವ್ವ ಅಕ್ಕನಿಗೆ ಉಡಿ ತುಂಬಿ, ಕಣ್ಣೀರು ಒರೆಸಿಕೊಂಡು, ಹತ್ತು ಕಿಲೋ ಬಿಳಿಜೋಳದ ಚೀಲವನ್ನು ನನ್ನ ಹೆಗಲಿಗೇರಿಸಿದಳು. ‘ಮುಂಬೈದಾಗ ಇಂಥಾ ಜ್ವಾಳ ಎಲ್ಲಿ ಸಿಗ್ತೈತಿ’ ಎಂದಳು. ಅವಳ ಮನೆಯಲ್ಲಿ ಕೊಡಲು ಇದ್ದದ್ದು ಅದೇ.

ಸೋಲಾಪುರದಲ್ಲಿ ಹತ್ತೂವರೆಯ ಗಾಡಿ ಸಿಕ್ಕಿತು. ದೌಂಡ್‌ವರೆಗೆ ಬಿಸಿಲು. ಪುಣೆಯಲ್ಲಿ ಮೋಡ. ಲೋನಾವಳದಲ್ಲಿ ಕಿಟಕಿಯ ಹೊರಗೆ ಏನೂ ಕಾಣದಷ್ಟು ಬಿಳುಪು. ಘಾಟಿ ಇಳಿಯುವಾಗ ಅಕ್ಕ ನನ್ನ ಕಡೆ ತಿರುಗಿದಳು.

‘ಸೋಮವಾರ ಬಿಟ್ಟು ಮಂಗಳವಾರದಿಂದ ಕೊಡ್ತೀನಿ ಅಂದೀನಿ. ನೂರಾ ಎಂಬತ್ತು ಅಲ್ಲ, ನೂರು. ಮಳಿ ಇದ್ರೂ ಬಾಗಲಾ ತಗದs ಬಡೀತೀನಿ.’

ನಾನು ಜೋಳದ ಚೀಲವನ್ನು ಸೀಟಿನ ಕೆಳಗೆ ಇನ್ನಷ್ಟು ಒಳಗೆ ತಳ್ಳಿದೆ.

‘ನೀ ಬ್ಯಾಡ ಅಂದ್ರ ಬಿಡ್ತೀನಿ. ಅನ್ನು.’

ಬೇಡ ಎಂದರೆ ಅವಳು ನಿಜವಾಗಿಯೂ ಬಿಡುತ್ತಿದ್ದಳು. ಆಮೇಲೆ ಆ ಹತ್ತು ಅಡಿಯ ಕೋಣೆಯಲ್ಲಿ, ಬೆಳಗಿನಿಂದ ಸಂಜೆಯವರೆಗೆ, ನನ್ನ ದಾರಿ ಕಾಯುತ್ತ ಕೂರುತ್ತಿದ್ದಳು. ಗಂಡನ ಮನೆಯಲ್ಲಿ ಹಾಗೆ ಕೂತಿದ್ದವಳು ಎದ್ದು ಬಂದದ್ದೇ ಈ ರೊಟ್ಟಿಯಿಂದ. ಕರ್ಜತ್‌ನಲ್ಲಿ ಅವಳು ನನ್ನ ಮುಖದಿಂದ ಕಣ್ಣು ತೆಗೆದು ಚಪ್ಪಲಿ ಹುಡುಕತೊಡಗಿದಳು. ನಾನು ಬೇಡ ಎನ್ನಲಾರೆನೆಂದು ಅವಳಿಗೆ ತಿಳಿದಿತ್ತು.

ಕಲ್ಯಾಣದಲ್ಲಿ ಇಳಿದು ಲೋಕಲ್ ಹಿಡಿದು ಕುರ್ಲಾಗೆ ಬಂದಾಗ ಸಂಜೆ ಏಳು ಹತ್ತು. ಮಳೆ. ಗಲ್ಲಿಯಲ್ಲಿ ಮೊಣಕಾಲ ಕೆಳಗಿನವರೆಗೆ ನೀರು. ಹಿಟ್ಟಿನ ಗಿರಣಿ ಇನ್ನೂ ನಡೆಯುತ್ತಿತ್ತು. ಅಕ್ಕ ಅದರ ಮುಂದೆ ನಿಂತು ಚೀಲಕ್ಕೆ ಕೈ ಚಾಚಿದಳು. ನಾನೇ ಕೊಡುತ್ತೇನೆ, ನೀನು ದೂರ ನಿಲ್ಲು ಎಂದೆ. ಅಷ್ಟನ್ನು ಮಾತ್ರ ಅವಳು ಒಪ್ಪಿ, ರಸ್ತೆಯ ಆಚೆ ಕೊಡೆ ಹಿಡಿದು ನಿಂತಳು.

ಗಿರಣಿಯವನು ಜೋಳವನ್ನು ಮುಷ್ಟಿಯಲ್ಲಿ ಹಿಡಿದು ನೋಡಿ ಮೆಚ್ಚಿದ. ಯಂತ್ರದ ಸದ್ದಿನ ಮೇಲೆ ಕೂಗಿ ಅಕ್ಕನನ್ನು ಮರಾಠಿಯಲ್ಲಿ ಕೇಳಿದ, ‘ತಾಈ, ಗಾವಾಲಾ ಊನ್ ಹೋತಂ ಕಾ?’ ಅಕ್ಕಾ, ಊರಲ್ಲಿ ಬಿಸಿಲಿತ್ತೇ?

‘ಖೂಪ್ ಹೋತಂ,’ ಎಂದಳು ಅಕ್ಕ. ಬಹಳ ಇತ್ತು.

ಅವನು ಜೋಳವನ್ನು ಮೇಲಿನಿಂದ ಸುರಿದ. ಕೆಳಗೆ ಬಟ್ಟೆಯ ಚೀಲ ಉಬ್ಬಿತು, ಬಿಳಿ ಹಿಟ್ಟು ದೀಪದ ಸುತ್ತ ಎದ್ದಿತು. ನಾನು ನನಗೆ ತಿಳಿಯದೆಯೇ ಉಸಿರು ಹಿಡಿದುಕೊಂಡು ನಿಂತಿದ್ದೆ.