ಕೋಮಲಳ ಚುರುಕು

ಮಾಂಬಳ್ಳಿಯಲ್ಲಿ ಯಾರ ಮನೆಗೆ ಸೊಸೆ ತರುವುದಿದ್ದರೂ ಹೆಣ್ಣು ನೋಡಲು ಶಿವರತ್ನಮ್ಮನನ್ನು ಕರೆದೊಯ್ಯುತ್ತಿದ್ದರು. ಕಾಫಿ ತರುವ ಹುಡುಗಿಯ ಮುಖವನ್ನು ಉಳಿದವರು ನೋಡಿದರೆ ಅವಳು ಪಾದ ನೋಡುತ್ತಿದ್ದಳು. ಹಿಮ್ಮಡಿ ಕುಕ್ಕಿ ನಡೆದರೆ ಮುಂಗೋಪಿ, ಕಾಲೆಳೆದರೆ ಸೋಮಾರಿ. ಎಷ್ಟೋ ಸಲ ಲೆಕ್ಕ ತಪ್ಪಿತ್ತು. ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಅವಳ ಮೈದುನ ಶಿವಕುಮಾರಸ್ವಾಮಿಯ ಹೆಂಡತಿ ಕೋಮಲ. ಇಬ್ಬರು ಮಕ್ಕಳಾದರೂ ಮೈ ಸಡಿಲವಾಗಿರಲಿಲ್ಲ. ಈ ವರ್ಷವಂತೂ ಇನ್ನೂ ತೆಳ್ಳಗಾಗಿ, ಕಣ್ಣು ಅಗಲವಾಗಿ ಹೊಳೆಯುತ್ತ, ಮನೆಯೆಲ್ಲ ಗಾಳಿಯಂತೆ ಸುಳಿದಾಡುತ್ತಿದ್ದಳು.

"ಕೋಮಲನ್ ನೋಡಮ್ಮಿ, ಎಂಗ್ ಚುರುಕಾಗವ್ಳೆ! ನೀನು ಎದ್ದೇಳಕೇ ಒತ್ತಾಯ್ತದೆ," ಎಂದು ಅತ್ತೆ ಅಂದ ದಿನ ಶಿವರತ್ನಮ್ಮನಿಗೆ ಊಟ ಸೇರಲಿಲ್ಲ.

ಒಂದಾದರೂ ಕುಂದು ಸಿಗಲೆಂದು ಅವಳು ಕೋಮಲಳನ್ನು ಕದ್ದು ನೋಡತೊಡಗಿದಳು. ಗಂಡನಿಗಿಂತ ಹೆಚ್ಚು ಮುದ್ದೆ ಉಂಡರೂ ಕೋಮಲಳ ರವಿಕೆ ದಿನದಿನಕ್ಕೆ ದೊಗಳೆಯಾಗುತ್ತಿತ್ತು. ಲೋಟ ಹಿಡಿದರೆ ಬೆರಳು ನಡುಗುತ್ತಿತ್ತು. ಚಳಿಯಲ್ಲೂ ಬೆವರು. ಗಂಟಲ ಬುಡ ತುಸು ಊದಿತ್ತು. ಇದು ಚೆಲುವಲ್ಲ, ಕಾಯಿಲೆ ಎಂದು ಶಿವರತ್ನಮ್ಮನಿಗೆ ಹೊಳೆಯಿತು. ಬಾಯಿ ಬಿಡಲಿಲ್ಲ. ಹೊಗಳುವವರೇ ಕಂಡುಕೊಳ್ಳಲಿ! ಹಾಗೆ ಸುಮ್ಮನಿರುವುದರಲ್ಲಿ ಅವಳಿಗೊಂದು ಸುಖವೂ ಇತ್ತು.

ನಾದಿನಿಯ ಮಗಳ ಮದುವೆಗೆ ಸೀರೆ ತರಲು ಇಬ್ಬರೂ ಕೊಳ್ಳೇಗಾಲಕ್ಕೆ ಹೊರಟರು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ ಕೋಮಲ ಮೈ ಎತ್ತಲಾಗದೆ ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಂತಳು. ತೊಡೆ ಥರಥರ ನಡುಗಿ ಹಿಂದಕ್ಕೆ ವಾಲಿದಳು. ಶಿವರತ್ನಮ್ಮ ತಬ್ಬಿ ಹಿಡಿದಾಗ ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿದ್ದುದು ಅಂಗೈಗೆ ತಿಳಿಯಿತು. ಹೆದರಿಕೆಯಾಯಿತು.

"ಸೀರೆ ಆಮೇಲ್ ತಕಂಡ್ರಾಯ್ತು. ಮೊದ್ಲು ಡಾಕ್ಟ್ರ ತಾವ ಓಗನ."

"ನಂಗೇನಾಗದೆ ಅಕ್ಕ?"

"ಏನೋ ಆಗದೆ. ನಾನೂ ಎಷ್ಟು ದಿನ್ದಿಂದ ನೋಡ್ತಾವ್ನಿ."

"ನೋಡ್ಕಂಡು ಸುಮ್ಕಿದ್ರಾ?"

ಶಿವರತ್ನಮ್ಮ ಅವಳ ಸೊಂಟ ಹಿಡಿದು ಬಸ್ಸಿಗೆ ಹತ್ತಿಸಿದಳು.

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಹೆಚ್ಚಾಗಿದೆ ಎಂದು ಗೊತ್ತಾಯಿತು. ಮಾತ್ರೆ ಶುರುವಾದ ಮೇಲೆ ಕೈನಡುಕ ನಿಂತಿತು. "ಅಕ್ಕನ ಕಣ್ಣೇ ನನ್ನ ಉಳಿಸ್ತು," ಎಂದು ಕೋಮಲ ಬಂದವರ ಮುಂದೆಲ್ಲ ಹೇಳಿದಳು. ಇಬ್ಬರೇ ಇದ್ದಾಗ ಮಾತ್ರ ಎಷ್ಟು ಬೇಕೋ ಅಷ್ಟೇ ಮಾತು.

ಕೆನ್ನೆ ತುಂಬಿಕೊಂಡು ಕೋಮಲ ಮೊದಲಿಗಿಂತ ಚೆಂದವಾದಳು. ಅತ್ತೆ ಅವಳ ತಟ್ಟೆಗೆ ತುಪ್ಪ ಬಡಿಸುತ್ತಿದ್ದಳು. ಸಂಜೆ ಶಿವಕುಮಾರಸ್ವಾಮಿ ಹೆಂಡತಿಯ ಕೈ ಹಿಡಿದು ನಾಲೆಯ ಏರಿಯವರೆಗೆ ನಡೆಸಿಕೊಂಡು ಹೋಗುತ್ತಿದ್ದ. ಶಿವರತ್ನಮ್ಮನ ಮೊಣಕಾಲು ನೋಯಲು ಹಿಡಿದು ವರ್ಷಗಳಾಗಿದ್ದವು. ಅವಳ ಗಂಡ ಒಂದು ಸಲವೂ ಕೇಳಿರಲಿಲ್ಲ. ಅವರಿಬ್ಬರೂ ತಿರುಗಿ ಬರುವವರೆಗೂ ಅವಳು ಜಗಲಿಯ ಮೇಲೆ ಕೂತಿರುತ್ತಿದ್ದಳು, ಹೊಟ್ಟೆ ಉರಿಸಿಕೊಳ್ಳುತ್ತ.