ರಾಜ್ಯಲಕ್ಷ್ಮಿ ಸಿಸ್ಟರ್‌ಗೆ ಗೊತ್ತಿದ್ದ ಕನ್ನಡ

ರಾಜ್ಯಲಕ್ಷ್ಮಿ ಸಿಸ್ಟರ್ ನಮ್ಮ ಮ್ಯಾನೇಜರನ್ನು ಮೊದಲ ಸಲ ಏಕವಚನದಲ್ಲಿ ಕರೆದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಕೈಯಲ್ಲಿದ್ದ ಎಳನೀರು ಚೆಲ್ಲಿಹೋಗುವುದೊಂದು ಬಾಕಿ.

೧೯೮೬ರ ಆಗಸ್ಟ್ ತಿಂಗಳು, ವಿಜಯವಾಡದ ಒಂದು ಆಸ್ಪತ್ರೆಯ ನರರೋಗಗಳ ವಾರ್ಡು. ಮಂಚದ ಮೇಲಿದ್ದವರು ತಿಪಟೂರಿನ ಸುಬ್ರಹ್ಮಣ್ಯ, ನಮ್ಮ ಬ್ಯಾಂಕ್ ಶಾಖೆಯ ಮ್ಯಾನೇಜರ್. ವಯಸ್ಸು ಐವತ್ತೊಂದು. ಅವರ ಎದುರು ನಾವು ಗುಮಾಸ್ತರು ಕೆಮ್ಮುವುದಕ್ಕೂ ಯೋಚಿಸುತ್ತಿದ್ದೆವು. ನಾಲ್ಕು ದಿನದ ಹಿಂದೆ ಸಹಿ ಹಾಕುತ್ತಿದ್ದವರ ಕೈಯಿಂದ ಪೆನ್ನು ಜಾರಿತು. ಅದನ್ನು ಎತ್ತಿಕೊಳ್ಳಲು ಬಗ್ಗಿದವರು ಮತ್ತೆ ಏಳಲಿಲ್ಲ. ಲಕ್ವ ಹೊಡೆದಿತ್ತು. ಬಲಗೈ ಬಲಗಾಲು ಬಿದ್ದುಹೋಗಿದ್ದವು. ತೆಲುಗು ಹೋಯಿತು, ಇಂಗ್ಲಿಷ್ ಹೋಯಿತು, ಕನ್ನಡವೂ ಹೋಯಿತು. ಉಳಿದದ್ದು ಒಂದೇ ಮಾತು: “ಆಮೇಲೆ.”

ಮೂರನೆಯ ದಿನ ಡಾಕ್ಟರು ನುಂಗುವುದನ್ನು ಪರೀಕ್ಷಿಸಿ, ಗಟ್ಟಿ ಗಂಜಿಯನ್ನು ಸ್ವಲ್ಪ ಸ್ವಲ್ಪವೇ ಬಾಯಿಗೆ ಕೊಡಬಹುದು ಎಂದಿದ್ದರು. ಹೆಂಡತಿ ಮೃಣಾಲಿನಿಯವರು ಬಟ್ಟಲು ಹಿಡಿದು ಕೇಳುತ್ತಿದ್ದರು, “ಗಂಜಿ ಕೊಡ್ಲಾ ರೀ?”

“ಆಮೇಲೆ.”

“ಮಗ್ಗುಲು ಬದಲಾಯಿಸ್ಲಾ?”

“ಆಮೇಲೆ.”

ಮೂವತ್ತು ವರ್ಷ ಗಂಡನ ಮಾತು ಮೀರದ ಹೆಂಗಸು. ಬಟ್ಟಲು ಕೆಳಗಿಟ್ಟು ಕಾಯುತ್ತಿದ್ದರು. ಡ್ರಿಪ್ ಹನಿಯುತ್ತಿತ್ತು, ಗಂಜಿ ಆರುತ್ತಿತ್ತು. “ಬಲವಂತ ಮಾಡಿದ್ರೆ ಅವರಿಗೆ ಕೋಪ ಬರುತ್ತೆ ಅಶೋಕ,” ಎಂದು ನನಗೆ ಹೇಳಿದರು. ನಾನೂ ತಲೆಯಾಡಿಸಿದೆ. ವಾರ್ಡಿನ ನರ್ಸುಗಳಿಗೆ ಕನ್ನಡ ಗೊತ್ತಿರಲಿಲ್ಲ. ರೋಗಿ ಬೇಡ ಎನ್ನುತ್ತಿದ್ದಾರೆ ಎಂದು ನಾವೇ ಅವರಿಗೆ ಅನುವಾದ ಮಾಡಿಕೊಡುತ್ತಿದ್ದೆವು.

ಆಗ ಬಂದವರು ರಾಜ್ಯಲಕ್ಷ್ಮಿ. ರಜೆ ಮುಗಿಸಿ ಅಂದೇ ಕೆಲಸಕ್ಕೆ ಹಾಜರಾಗಿದ್ದರು. ಮೂವತ್ತರ ಆಸುಪಾಸು, ಕುಳ್ಳಗೆ, ತೆಳ್ಳಗೆ, ನಡಿಗೆ ಮಾತ್ರ ರೈಲು ತಪ್ಪಿಹೋಗುವವರ ಹಾಗೆ. ಮಂಚದ ಹತ್ತಿರ ಹಾದುಹೋಗುತ್ತಿದ್ದವರು “ಆಮೇಲೆ” ಕಿವಿಗೆ ಬಿದ್ದದ್ದೇ ತಟ್ಟನೆ ನಿಂತರು.

“ಅಯ್ಯೋ, ಇದು ನಮ್ಮಮ್ಮನ ಭಾಷಿ!”

ಸೀದಾ ಬಂದು ಮ್ಯಾನೇಜರ ಎಡಗಡೆ ನಿಂತು, ಮುಖದ ಮಟ್ಟಕ್ಕೆ ಬಗ್ಗಿ ಕೇಳಿದರು, “ಏನಪ್ಪಾ, ನಿನ್ನ ಹೆಸರೇನು?”

ಎಳನೀರು ತುಳುಕಿದ್ದು ಆಗಲೇ.

“ಆಮೇಲೆ,” ಎಂದರು ಮ್ಯಾನೇಜರು.

“ನಿಂಗೆ ಎಷ್ಟು ಮಂದಿ ಮಕ್ಳು?”

“ಆಮೇಲೆ.”

“ನೀನು ಗಂಡಾ ಹೆಣ್ಣಾ?”

“ಆಮೇಲೆ!” ಈ ಸಲ ಎಡಗಡೆಯ ಹುಬ್ಬು ಹಣೆಗೇರಿತು. ಬ್ಯಾಂಕಿನಲ್ಲಿ ನಾವೆಲ್ಲ ಹೆದರುತ್ತಿದ್ದ ಅದೇ ಹುಬ್ಬು.

ಸಿಸ್ಟರ್ ನಕ್ಕುಬಿಟ್ಟರು. “ಕೇಳಿಸ್ತೈತಿ, ತಿಳೀತೈತಿ. ಬಾಯಾಗ ಒಂದೇ ಮಾತು ಸಿಕ್ಕಿಹಾಕ್ಕೊಂಡೈತಿ, ಅಷ್ಟೇ. ಅಮ್ಮಾ, ಇದು ಬ್ಯಾಡ ಅನ್ನೋ ಮಾತಲ್ಲ. ಹಸಿವಾದ್ರೂ ಇದೇ, ನೋವಾದ್ರೂ ಇದೇ.” ಹಾಗೆಂದು ರೋಗಿಯ ಎಡಗೈಯಲ್ಲಿ ತಮ್ಮ ಕೈ ಇಟ್ಟರು. “ಹೌದು ಅಂದ್ರೆ ಒಂದು ಸಲ ಹಿಸುಕು. ಅಲ್ಲ ಅಂದ್ರೆ ಎರಡು ಸಲ. ಹಸಿವೈತಾ?”

ಮ್ಯಾನೇಜರು ಒಂದೇ ಸಲ ಹಿಸುಕಿದರು, ಆದರೆ ಬಿಡಲೇ ಇಲ್ಲ.

“ಅಪ್ಪಾ, ಗಂಜಿ ಕೊಡ್ತೀನಿ, ನನ್ನ ಬೆರಳು ಉಣ್ಣಬ್ಯಾಡ!”

ಮೃಣಾಲಿನಿಯವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಒಂದೂವರೆ ದಿನ ಗಂಡ ಹಸಿದಿದ್ದರು, ತಾವು ವಿಧೇಯರಾಗಿ ಕಾಯುತ್ತಿದ್ದರು. ಸಿಸ್ಟರ್ ಅವರ ಬೆನ್ನು ತಟ್ಟಿ, ಮಂಚದ ತಲೆಭಾಗ ಎತ್ತಿ, ರೋಗಿಯ ಗದ್ದ ಕೊಂಚ ತಗ್ಗಿಸಿ, ಚಮಚವನ್ನು ಎಡಗಡೆಯಿಂದ ತಂದರು. “ಬಾಯಿ ತೆಗಿ. ನುಂಗು. ಇನ್ನೊಮ್ಮಿ ನುಂಗು. ಕೆನ್ನ್ಯಾಗ ಇಟ್ಕೊಂಡೀಯೇನು? ತೋರಿಸು.”

ಬಟ್ಟಲು ಖಾಲಿಯಾದ ಮೇಲೆ ಮೃಣಾಲಿನಿಯವರಿಗೆ ಬೇರೊಂದು ಸಂಗತಿ ಹೊಳೆಯಿತು. ಮೆಲ್ಲಗೆ ಹೇಳಿದರು, “ಸಿಸ್ಟರ್, ನಿಮ್ಮಿಂದ ತುಂಬಾ ಉಪಕಾರ ಆಯ್ತು. ಆದ್ರೆ ಅವರು ಮ್ಯಾನೇಜರು... ನೀವು ಹೀಗೆ ನೀನು ತಾನು ಅಂತ...”

ಸಿಸ್ಟರ್ ನಾಲಿಗೆ ಕಚ್ಚಿಕೊಂಡರು. ತಾಯಿ ದುರ್ಗಾಂಬ ಬಳ್ಳಾರಿ ಕಡೆಯವರು. ವಿಜಯವಾಡದ ರೈಲ್ವೆ ಗಾರ್ಡ್ ಒಬ್ಬರನ್ನು ಮದುವೆಯಾಗಿ ಹದಿನಾರಕ್ಕೇ ಇಲ್ಲಿಗೆ ಬಂದಿದ್ದರು. ಮನೆಯಲ್ಲಿ ಎಲ್ಲರದೂ ತೆಲುಗು. ತಾಯಿ ಮಗಳಿಗೆ ಉಣಿಸುವಾಗ, ಜಡೆ ಹೆಣೆಯುವಾಗ, ಬೈಯುವಾಗ ಮಾತ್ರ ಕನ್ನಡ. “ಅಷ್ಟೇ ನಂಗೆ ಬರೋದು ಅಮ್ಮಾ. ದೊಡ್ಡೋರ ಜೋಡಿ ಮಾತಾಡೋ ಕನ್ನಡ ಯಾರೂ ಕಲಿಸಿಲ್ಲ.”

ಮಾರನೆಯ ದಿನ ಅವರೇ ಒಂದು ಪರಿಹಾರ ಕಂಡುಕೊಂಡು ಬಂದರು. ತೆಲುಗಿನಲ್ಲಿ ಮರ್ಯಾದೆಗೆ ಕೊನೆಯಲ್ಲಿ ‘ಅಂಡಿ’ ಸೇರಿಸುತ್ತಾರಲ್ಲ, ಅದನ್ನೇ ಕನ್ನಡಕ್ಕೆ ಅಂಟಿಸಿದರು. “ಬಾಯಿ ತೆಗಿ ಅಂಡಿ. ಉಣ್ಣು ಅಂಡಿ. ಹೊಳ್ಳಿ ಮಕ್ಕೋ ಅಂಡಿ.” ಮೃಣಾಲಿನಿಯವರು ಬಾತ್‌ರೂಮಿಗೆ ಹೋಗಿ ನಕ್ಕು ಬಂದರು. ಆಸ್ಪತ್ರೆಗೆ ಸೇರಿದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಎರಡನೆಯ ವಾರ ಮೆತ್ತಗೆ ಕಲಸಿದ ಅನ್ನ ಶುರುವಾಯಿತು. ಮ್ಯಾನೇಜರು ಎಡಗೈಯಿಂದ ತಾವೇ ಉಣ್ಣತೊಡಗಿದರು, ಆದರೆ ದಿನವೂ ಅರ್ಧ ಊಟ ಉಳಿಯುತ್ತಿತ್ತು. ರುಚಿಸಲಿಲ್ಲವೇನೋ ಎಂದು ಮೃಣಾಲಿನಿಯವರು ಸಾರು ಬದಲಿಸಿದರು, ಮೊಸರು ಬದಲಿಸಿದರು. ಸಿಸ್ಟರ್ ತಟ್ಟೆಯನ್ನು ಒಂದು ಕ್ಷಣ ನೋಡಿದರು. ಎಡಗಡೆಯದು ಬಳಿದಿಟ್ಟಂತೆ ಖಾಲಿ, ಬಲಗಡೆಯದು ಬಡಿಸಿದ ಹಾಗೇ ಇದೆ. ಏನೂ ಹೇಳದೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು. ಎದುರಿಗೆ ಹೊಸದಾಗಿ ಅನ್ನ ಪ್ರತ್ಯಕ್ಷವಾದದ್ದು ಕಂಡು ಮ್ಯಾನೇಜರು ಬೆಚ್ಚಿದರು, ಆಮೇಲೆ ಅದನ್ನೂ ಮುಗಿಸಿದರು. ಕಣ್ಣು ಚೆನ್ನಾಗಿಯೇ ಇತ್ತು. ಬಲಗಡೆಯ ನೋಟವನ್ನು ಮಿದುಳು ಕಳೆದುಕೊಂಡಿತ್ತು. ಬಾಗಿಲ ಕಡೆಯಿಂದ, ಅಂದರೆ ಬಲಗಡೆಯಿಂದ ಬರುತ್ತಿದ್ದ ನಾವೆಲ್ಲ ‘ಸಾಹೇಬರಿಗೆ ಗುರುತೇ ಸಿಗುತ್ತಿಲ್ಲ’ ಎಂದು ಮರುಗುತ್ತಿದ್ದೆವು. ಅಂದಿನಿಂದ ಎಡಗಡೆ ಹೋಗಿ ನಿಂತೆವು, ಗುರುತು ಸಿಕ್ಕಿತು. ಕೆಲವು ದಿನ ಕಳೆದ ಮೇಲೆ ಸಿಸ್ಟರ್ ಬೇಕೆಂದೇ ಲೋಟವನ್ನು ಬಲಗಡೆ ಇಡತೊಡಗಿದರು. “ಕುತ್ತಿಗಿ ತಿರುಗಿಸಿ ಹುಡುಕು ಅಂಡಿ. ಅಲ್ಲೇ ಐತಿ. ಇನ್ನೂ ಆಚಿಗೆ.”

ಬಿದ್ದ ಕೈಯ ಬೆರಳುಗಳನ್ನು ದಿನವೂ ಹತ್ತು ಸಲ ಬಿಡಿಸಿ ಮಡಿಸುತ್ತಿದ್ದರು, ತೆಲುಗಿನಲ್ಲಿ ಎಣಿಸುತ್ತ. ಒಂದು ಬೆಳಿಗ್ಗೆ ಏನೋ ತಮಾಷೆಗೆ ಕನ್ನಡದಲ್ಲಿ ಎಣಿಸಿದರು. “ಒಂದು, ಎರಡು, ಮೂರು...” ಹತ್ತಕ್ಕೆ ನಿಲ್ಲಿಸಿ ಕೈ ಕೆಳಗಿಟ್ಟರು.

“ಹನ್ನೊಂದು,” ಎಂದಿತು ಮಂಚ.

“ಹನ್ನೆರಡು, ಹದಿಮೂರು...” ಮ್ಯಾನೇಜರು ನಿಲ್ಲಿಸದೆ ಇಪ್ಪತ್ತೆರಡರ ತನಕ ಹೋದರು, ತಮ್ಮ ದನಿ ಕೇಳಿ ತಾವೇ ಹೆದರಿ ನಿಂತರು. ಮೃಣಾಲಿನಿಯವರು ಓಡಿಬಂದು, “ಮಾತು ಬಂತಾ ರೀ? ಏನನ್ನಿಸ್ತಿದೆ?” ಎಂದರು.

“ಆಮೇಲೆ,” ಎಂದರು ಅವರು.

ಸಿಸ್ಟರ್ ಮೃಣಾಲಿನಿಯವರನ್ನು ಹೊರಗೆ ಕರೆದು ಬಿಡಿಸಿ ಹೇಳಿದರು. ಎಣಿಕೆ, ಮಗ್ಗಿ, ವಾರಗಳ ಹೆಸರು, ಇವೆಲ್ಲ ಬಾಯಿಗೆ ಅಭ್ಯಾಸವಾಗಿ ತಾವಾಗಿಯೇ ಹರಿಯುವಂಥವು. ಯೋಚಿಸಿ ಆಡುವ ಮಾತು ಬೇರೆ, ಅದಕ್ಕೆ ಕಾಲ ಬೇಕು. “ಆದ್ರ ಬಾಗಿಲು ಪೂರ್ತಿ ಮುಚ್ಚಿಲ್ಲ ಅಮ್ಮಾ.”

ಆರು ವಾರಕ್ಕೆ ಮ್ಯಾನೇಜರನ್ನು ಲಬ್ಬಿಪೇಟೆಯ ಬಾಡಿಗೆ ಮನೆಗೆ ಕರೆದೊಯ್ದರು. ಸಿಸ್ಟರ್ ತಮ್ಮ ವಾರದ ರಜೆಯಲ್ಲಿ ಬಸ್ಸು ಹಿಡಿದು ಬರುತ್ತಿದ್ದರು. ಗಂಡ ವೆಂಕಟರಮಣ ಉಷ್ಣವಿದ್ಯುತ್ ಸ್ಥಾವರದಲ್ಲಿ ಫಿಟ್ಟರ್, ಮನೆ ಬೊಂಬೆಗಳಿಗೆ ಹೆಸರಾದ ಕೊಂಡಪಲ್ಲಿಯಲ್ಲಿ. ಹಾಗಾಗಿ ಬರುವಾಗ ಚೀಲದಲ್ಲಿ ಮರದ ಬೊಂಬೆಗಳು. ಮೇಜಿನ ಮೇಲೆ ಆನೆ ಇಟ್ಟು “ಇದೇನು?” ಎನ್ನುವರು. ಮ್ಯಾನೇಜರು ಬೆವರಿ ಬೆವರಿ “ಎ... ಎಮ್ಮೆ” ಎನ್ನುವರು. “ಹತ್ರ ಬಂತು ಅಂಡಿ, ನಾಲ್ಕು ಕಾಲಿಗೇನೂ ಮೋಸ ಇಲ್ಲ!”

ಮೃಣಾಲಿನಿಯವರು ತಿಪಟೂರಿನಿಂದ ಒಂದನೇ ಕ್ಲಾಸಿನ ಕನ್ನಡ ಪುಸ್ತಕ ತರಿಸಿದರು. ಅಲ್ಲಿ ಎಡವಟ್ಟಾಯಿತು. ಸಿಸ್ಟರ್‌ಗೆ ಕನ್ನಡ ಲಿಪಿ ಬರುತ್ತಿರಲಿಲ್ಲ, ಆದರೆ ತೆಲುಗು ಅಕ್ಷರ ಬಲ್ಲವರಿಗೆ ಅದೆಷ್ಟು ದೂರ? ಹುರುಪಿನಿಂದ ಎರಡೇ ವಾರದಲ್ಲಿ ಪುಟಗಟ್ಟಲೆ ಓದಿಬಿಟ್ಟರು. ಬಿ.ಕಾಂ. ಮಾಡಿದ ಮನುಷ್ಯ ಇನ್ನೂ ‘ಗ’ ಮತ್ತು ‘ಸ’ ನಡುವೆ ತಡಕಾಡುತ್ತಿದ್ದ. ಮೂರನೆಯ ವಾರ ಮ್ಯಾನೇಜರು ಎಡಗೈಯಿಂದ ಸ್ಲೇಟು ಎಸೆದರು. ಅದು ಗೋಡೆಗೆ ಬಡಿದು ಎರಡು ಹೋಳಾಯಿತು. ಅವರು ಗೋಡೆ ಕಡೆ ತಿರುಗಿ ಕೂತು ಬಿಕ್ಕಿದರು. ಆ ಹುಬ್ಬಿನ ಮನುಷ್ಯ ಅಳುವುದನ್ನು ನೋಡಲಾರದೆ ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಬಂದೆ.

ಸಿಸ್ಟರೂ ಬಂದು ಮೆಟ್ಟಿಲ ಮೇಲೆ ಕುಳಿತರು. “ತಪ್ಪು ನಂದೇ ಅಶೋಕ್ ಗಾರು. ಕುಂಟೋರ ಮುಂದ ಓಡಿ ತೋರಿಸ್ದಂಗಾತು.”

ಮುಂದಿನ ವಾರ ಪುಸ್ತಕ ಮುಟ್ಟಲಿಲ್ಲ. ಮ್ಯಾನೇಜರ ಎದುರು ಕುಳಿತು ಹೇಳಿದರು, “ನಂಗೆ ಮರ್ಯಾದಿ ಕನ್ನಡ ಬರಂಗಿಲ್ಲ ಅಂಡಿ. ನೀನೇ ಕಲಿಸ್ಬೇಕು. ನಾ ತಪ್ಪಿದಾಗೆಲ್ಲ ತಿದ್ದು. ಸರಿ, ಈಗ ಕಾಫಿ ಕುಡಿ.”

ಮ್ಯಾನೇಜರು ಅವರನ್ನೇ ನೋಡಿದರು. ಬಾಯಿ ಏನೇನೋ ಆಕಾರ ತಾಳಿತು. ಯಾರೂ ನೆರವಿಗೆ ಹೋಗಬಾರದೆಂದು ಸಿಸ್ಟರ್ ಮೊದಲೇ ಕಣ್ಣಲ್ಲಿ ಎಚ್ಚರಿಸಿದ್ದರು.

“ಕು... ಕುಡೀ... ರಿ,” ಎಂದರು ಮ್ಯಾನೇಜರು.

“ಕುಡೀರಿ!” ಸಿಸ್ಟರ್ ಕೂಗಿದರು. “ನೀನು ಹೇಳಿದ್ದು ಸರಿ!”

“ನೀ... ವು,” ಎಂದರು ಅವರು. ಹುಬ್ಬು ಏರಿತ್ತು.

ಯೋಚಿಸಿ, ಬೇಕೆಂದು ಆಡಿದ ಮೊದಲ ಮಾತುಗಳು ಅವು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಪಾಠ ತಿರುಗುಮುರುಗಾಯಿತು. ಸಿಸ್ಟರ್ ಧಾರಾಳವಾಗಿ ತಪ್ಪು ಮಾಡುತ್ತಿದ್ದರು, ಮ್ಯಾನೇಜರು ಧಾರಾಳವಾಗಿ ತಿದ್ದುತ್ತಿದ್ದರು. ಅವುಗಳಲ್ಲಿ ಎಷ್ಟು ನಿಜವಾದ ತಪ್ಪು, ಎಷ್ಟು ಬೇಕೆಂದು ಮಾಡಿದ್ದು ಎಂದು ಒಮ್ಮೆ ಕೇಳಿದೆ. “ಮೊದ್ಲು ಎಲ್ಲಾ ನಿಜದ್ದೇ. ಕಡೀಕ್ ಕಡೀಕ್ ತಪ್ಪು ಮಾಡೋದೇ ಕಷ್ಟ ಆತು,” ಎಂದರು.

ಮ್ಯಾನೇಜರು ಪೂರ್ತಿ ಮೊದಲಿನಂತಾದರು ಎಂದರೆ ಸುಳ್ಳಾದೀತು. ಕೋಲೂರಿ ನಡೆದರು, ಮೂರು ನಾಲ್ಕು ಪದದ ವಾಕ್ಯ ಆಡಿದರು, ಎಡಗೈಯಲ್ಲಿ ಸಹಿ ಕಲಿತರು. ಮ್ಯಾನೇಜರ ಕುರ್ಚಿಗೆ ಮರಳಲಿಲ್ಲ. ೧೯೮೮ರಲ್ಲಿ ನಿವೃತ್ತಿ ತೆಗೆದುಕೊಂಡು ತಿಪಟೂರಿಗೆ ಹೊರಟಾಗ ಸ್ಟೇಷನ್ನಿಗೆ ಸಿಸ್ಟರ್ ಬಂದಿದ್ದರು. ಈಗ ಅವರ ಕನ್ನಡ ಅಪ್ಪಟ ಮರ್ಯಾದೆಯದು: “ಹುಷಾರಾಗಿ ಹೋಗಿ ಬನ್ನಿ ಸರ್.” ಮ್ಯಾನೇಜರು ಕಿಟಕಿಯಿಂದ ಎಡಗೈ ಚಾಚಿ ಅವರ ತಲೆಯ ಮೇಲಿಟ್ಟರು. “ನೀನು... ಚೆನ್ನಾಗಿರು ಮಗಳೇ.” ಸಿಸ್ಟರ್ ಅವರನ್ನು ತಿದ್ದಲಿಲ್ಲ.

ಮೂರು ವರ್ಷದ ಮೇಲೆ ವೆಂಕಟರಮಣನಿಗೆ ದುವ್ವಾಡದ ಬಳಿ ಕೆಲಸ ಸಿಕ್ಕಿ ಸಂಸಾರ ವಿಶಾಖಪಟ್ಟಣಕ್ಕೆ ಹೋಯಿತು. ಸಿಸ್ಟರ್ ಅಲ್ಲಿನ ಆಸ್ಪತ್ರೆಯೊಂದರ ನರರೋಗ ವಾರ್ಡು ಸೇರಿದರು. ೧೯೯೪ರಲ್ಲಿ ನನಗೂ ಅಲ್ಲಿಗೇ ವರ್ಗವಾಯಿತು. ನೋಡಲು ಹೋದ ದಿನ ವಾರ್ಡಿನಲ್ಲಿ ಗಲಾಟೆ. ಕಾಮೇಶ್ವರ ಎಂಬುವನು ಸಿಂಹಾಚಲದ ಮೆಟ್ಟಿಲ ಬಳಿ ತೆಂಗಿನಕಾಯಿ ಮಾರುತ್ತಿದ್ದವನು. ಮಿದುಳು ಜ್ವರದಿಂದ ಬದುಕಿ ಉಳಿದಿದ್ದ, ಆದರೆ ಹತ್ತಿರ ಬಂದವರನ್ನೆಲ್ಲ ಒದೆಯುತ್ತಿದ್ದ. ಜ್ವರ ತಲೆಗೇರಿ ಬುದ್ಧಿ ಕೆಟ್ಟಿದೆ ಎಂದು ಮನೆಯವರೇ ತೀರ್ಮಾನಿಸಿದ್ದರು.

ಸಿಸ್ಟರ್ ಅವನ ಹಿಂದೆ ಹೋಗಿ ಸ್ಟೀಲ್ ತಟ್ಟೆಯನ್ನು ಕೈಬಿಟ್ಟರು. ವಾರ್ಡಿಗೆ ವಾರ್ಡೇ ಹಾರಿಬಿತ್ತು, ಕಾಮೇಶ್ವರ ಮಿಸುಕಲಿಲ್ಲ.

“ಬುದ್ಧಿ ಕೆಟ್ಟಿಲ್ಲ, ಕಿವಿ ಹೋಗಿದೆ,” ಎಂದರು ಸಿಸ್ಟರ್, ಪಕ್ಕದಲ್ಲಿದ್ದ ಡಾಕ್ಟರ್ ಜಗನ್ಮೋಹನ್ ಕಡೆ ತಿರುಗಿ.

ಅವನಿಗೆ ಓದು ಬರುತ್ತಿರಲಿಲ್ಲ. ಸಿಸ್ಟರ್ ಎದುರಿಗೆ ಬಂದು, ಅವನು ನೋಡುವ ತನಕ ಕಾದು, ಕಾಗದದ ಮೇಲೆ ಕಿವಿ ಬರೆದು ಅಡ್ಡಗೆರೆ ಎಳೆದರು. ಸೂಜಿ ಬರೆದರು, ಅವನ ತೋಳು ಮುಟ್ಟಿ ತೋರಿಸಿದರು, ಅವನು ತಲೆಯಾಡಿಸಿದ ಮೇಲೆಯೇ ಚುಚ್ಚಿದರು. ಅವನು ಒದೆಯಲಿಲ್ಲ. ಹೆಂಡತಿ ಕನಕದುರ್ಗಳ ಕಡೆ ಕೈ ಮಾಡಿ ಗಟ್ಟಿಯಾಗಿ ಅತ್ತ. ಊರೆಲ್ಲ ಸೇರಿ ತನ್ನೆದುರು ಸುಮ್ಮನೆ ಬಾಯಿ ಆಡಿಸಿ ಅಣಕಿಸುತ್ತಿದೆ ಎಂದುಕೊಂಡಿದ್ದನಂತೆ. ಡಾಕ್ಟರು ಅಂದೇ ಕಿವಿಯ ಪರೀಕ್ಷೆಗೆ ಬರೆದರು. ಶ್ರವಣ ಮರಳಲಿಲ್ಲ, ಆದರೆ ತಿಂಗಳೊಳಗೆ ಅವನು ತುಟಿ ನೋಡಿ ಅರ್ಧ ಮಾತು ಹಿಡಿಯುತ್ತಿದ್ದ. ಬೆರಳೆಣಿಸಿ ಕಾಯಿ ವ್ಯಾಪಾರಕ್ಕೂ ಕೂತ.

ಈಚೆಗೆ, ೧೯೯೭ರಲ್ಲಿ, ಮತ್ತೊಮ್ಮೆ ಅವರನ್ನು ಕಾಣಲು ಹೋದೆ. ತಲೆ ಅಲ್ಲಲ್ಲಿ ಬೆಳ್ಳಗಾಗಿದೆ, ನಡಿಗೆ ಇನ್ನೂ ಹಾಗೇ. ಹೊಸ ನರ್ಸಿಂಗ್ ಹುಡುಗಿಯರಿಗೆ ಪಾಠ ನಡೆದಿತ್ತು. ಒಬ್ಬಳ ಕಣ್ಣಿಗೆ ಬಟ್ಟೆ ಕಟ್ಟಿ, ಬಲಗೈಯನ್ನು ಸೊಂಟಕ್ಕೆ ಬಿಗಿದು, ಇನ್ನೊಬ್ಬಳ ಕೈಲಿ ಉಪ್ಪಿಟ್ಟು ತಿನ್ನಿಸುತ್ತಿದ್ದರು. ಜೋಡಿಗೆ ಒಬ್ಬಳು ಕಡಿಮೆ ಬಿದ್ದಿದ್ದಳು. “ಅಶೋಕ್ ಗಾರು, ಸರಿಯಾದ ಹೊತ್ತಿಗೆ ಬಂದ್ರಿ, ಕೂತ್ಕೊಳ್ಳಿ,” ಎಂದು ನನ್ನ ಕಣ್ಣಿಗೂ ಕಟ್ಟಿಬಿಟ್ಟರು.

ಕತ್ತಲು. ಯಾವುದೋ ಲೋಹ ತಟಕ್ಕನೆ ಹಲ್ಲಿಗೆ ಬಡಿಯಿತು. ನಾನು ಗಾಬರಿಯಲ್ಲಿ ಚಮಚವನ್ನೇ ಕಚ್ಚಿದೆ, ಉಪ್ಪಿಟ್ಟು ಅಂಗಿಯ ಮೇಲೆ ಉದುರಿತು. ಹುಡುಗಿಯರು ಬಿದ್ದು ಬಿದ್ದು ನಕ್ಕರು.

“ನೋಡು ಸೀತಾಮಹಾಲಕ್ಷ್ಮಿ,” ಸಿಸ್ಟರ್ ತೆಲುಗಿನಲ್ಲಿ ಹೇಳುತ್ತಿದ್ದರು, “ಮೊದಲು ಹೆಗಲು ಮುಟ್ಟು. ಏನು ಕೊಡ್ತಿದ್ದೀನಿ ಅಂತ ಹೇಳು. ಬಿಸಿಯೋ ಆರಿದೆಯೋ ಹೇಳು. ಆಮೇಲೆ ಕಾಯಿ. ಬಾಯಿ ಅವರದು, ತೆರೆಯೋದೂ ಅವರೇ.”

ಒಂದು ಪುಟ್ಟ ಕೈ ನನ್ನ ಹೆಗಲ ಮೇಲೆ ಬಂತು. “ಸರ್, ಉಪ್ಪಿಟ್ಟು. ಸ್ವಲ್ಪ ಬೆಚ್ಚಗಿದೆ. ಗೋಡಂಬಿ ಇದೆ,” ಎಂದಿತು ಒಂದು ದನಿ.

ನಾನು ಬಾಯಿ ತೆರೆದೆ.