ಕದೀಜಮ್ಮನ ಕರೆಯದ ನೆಂಟ

ಕಲ್ಲುಗುಂಡಿಯ ಕದೀಜಮ್ಮ ಬಾಯಿಜೋರಿನ ಹೆಂಗಸು. ಮೀನಿನವನು ಹಳೆ ಬಂಗುಡೆಯನ್ನು ಬುಟ್ಟಿಯ ಅಡಿಗೆ ತಳ್ಳಿಯೇ ಅವಳ ಅಂಗಳಕ್ಕೆ ಕಾಲಿಡುತ್ತಿದ್ದ. ಅಂಥವಳು ಗಂಡ ಅಬ್ದುಲ್ ರಹ್ಮಾನ್ ಹೋದ ಮೇಲೆ ಯಾರಾದರೂ ಗೊರಕೆ ಹೊಡೆದರೆ ಸಾಕು, ಹೊರಗೆ ಓಡುವಂತಾದಳು. ಎದೆನೋವು ಬಂದ ಗಂಡನನ್ನು ಕಾರಿನಲ್ಲಿ ಪುತ್ತೂರಿಗೆ ಒಯ್ಯುವಾಗ, ಸುಳ್ಯ ದಾಟಿದ ಮೇಲೆ ಅವನು ಅವಳ ಮಡಿಲಲ್ಲೇ ಗೊರಗೊರ ಉಸಿರು ಎಳೆಯುತ್ತಾ ಎಳೆಯುತ್ತಾ ತಣ್ಣಗಾಗಿದ್ದ. ಆ ಸದ್ದು ಅವಳ ಕಿವಿ ಬಿಟ್ಟು ಹೋಗಲೇ ಇಲ್ಲ.

ಈಗ ಮಗಳು ಮುಹ್ಸಿನಾ ಚೊಚ್ಚಲ ಬಸುರಿ. ಹೆರಿಗೆಗೆ ತಾಯಿಮನೆಗೆ ಬರಬೇಕು. ಪಕ್ಕದಲ್ಲಿ ಮಲಗಲಿಕ್ಕೇ ಆಗದ ತಾಯಿ ಬಾಣಂತನ ಮಾಡುವುದಾದರೂ ಹೇಗೆ? "ನಿಮಗೆ ಆಗದಿದ್ರೆ ನಾನು ಇಲ್ಲೇ ಇರ್ತೇನೆ ಉಮ್ಮಾ," ಎಂದು ಮಗಳು ಫೋನಿನಲ್ಲಿ ಹೇಳಿದಾಗ ಕದೀಜಮ್ಮ ಅತ್ತುಬಿಟ್ಟಳು. ಪುತ್ತೂರಿನಲ್ಲಿ ಭವಿತಾ ಎಂಬವಳು ಮನಸ್ಸಿನ ತೊಂದರೆಗೆ ಮಾತಿನಲ್ಲೇ ಮದ್ದು ಕೊಡುತ್ತಾಳೆಂದು ಯಾರೋ ಹೇಳಿದ್ದರು. ಮರುದಿನವೇ ಬಸ್ಸು ಹತ್ತಿದಳು.

ಗಂಡನ ಕಥೆ ಹೇಳಿ ಮುಗಿಸಿ, "ನಿಮ್ಮದು ಯಾರ ಮಂತ್ರ?" ಎಂದು ನೇರ ಕೇಳಿದಳು.

"ಮಂತ್ರ ಅಲ್ಲ ಕದೀಜಮ್ಮ. ಬುದ್ಧ ಹೇಳಿದ ಒಂದು ಉಪಾಯ, ಯಾವ ಧರ್ಮದವರಿಗೂ ಆಗ್ತದೆ. ನಿಮ್ಮ ನಮಾಜು ನಿಮಗೆ ಉಂಟಲ್ಲ." ಭವಿತಾ ಸುಳ್ಯ ಕಡೆಯವಳೇ, ಆದರೆ ಈ ವಿದ್ಯೆಯನ್ನು ಕಲಿತದ್ದು ಪುಸ್ತಕದಿಂದ. "ಕಣ್ಣು ಮುಚ್ಚಿ. ಈಗ ಮೆಲ್ಲಗೆ ಉಸಿರು ಎಳೆಯಿರಿ."

ಎಳೆಯಿರಿಯಂತೆ! ಈ ಕಡೆಯ ಮಾತಿನಲ್ಲಿ ಉಸಿರು ಎಳೆಯುವುದು ಸಾಯುವವರು ಮಾತ್ರ. ಕದೀಜಮ್ಮ ಚಪ್ಪಲಿಯನ್ನೂ ಬಿಟ್ಟು ರಸ್ತೆಗೆ ಓಡಿದಳು. ಭವಿತಾ ಚಪ್ಪಲಿ ಹಿಡಿದುಕೊಂಡು ಹಿಂದೆಯೇ ಬಂದಳು.

"ತಪ್ಪಾಯ್ತು. ನಮ್ಮ ಮನೆಯಲ್ಲೂ ಹಾಗೇ ಹೇಳುದು, ನನಗೆ ಹೊಳೀಲೇ ಇಲ್ಲ. ಉಸಿರಿನ ಸುದ್ದಿಯೇ ಬೇಡ. ಹೆದರಿಕೆ ಬಂದಾಗ ನೀವು ಓಡುದು ಬೇಡ, ಅದನ್ನು ಓಡಿಸುದೂ ಬೇಡ. ನೆಂಟ ಬಂದ ಹಾಗೆ, ಕೂತ್ಕೊ ಅಂತ ಹೇಳಿ. ಸಾಕಾದ ಮೇಲೆ ಅದೇ ಎದ್ದು ಹೋಗ್ತದೆ."

"ಚಾ ಕೂಡ ಕೊಡ್ಬೇಕಾ?" ಕದೀಜಮ್ಮನ ಬಾಯಿ ಅಷ್ಟಾದರೂ ತೆರೆಯಿತು. ನಂಬಿಕೆ ಮಾತ್ರ ಬರಲಿಲ್ಲ.

ಆದರೂ ಮಗಳನ್ನು ಕರೆಸಿಕೊಂಡಳು. ಬಂದ ದಿನವೇ ಮಧ್ಯಾಹ್ನ ಉಂಡು ಮಲಗಿದ ಮುಹ್ಸಿನಾಳ ಉಸಿರು ಹೊಟ್ಟೆಯ ಭಾರಕ್ಕೆ ಗೊರಗೊರ ಎನ್ನತೊಡಗಿತು. ಅದೇ ಸದ್ದು! ಕದೀಜಮ್ಮನ ಕಾಲು ಹೊಸ್ತಿಲು ದಾಟಿಯೇಬಿಟ್ಟಿತ್ತು. ಯಾ ಅಲ್ಲಾ, ಮಗಳನ್ನು ಬಿಟ್ಟು ಎಲ್ಲಿಗೆ ಓಡುವುದು? ತಿರುಗಿ ಬಂದಳು. ಮಂಚದ ಬದಿಯಲ್ಲಿ ಕೂತು, ಹಾಸಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದು ಹೇಳಿದಳು, "ಕೂತ್ಕೊ."

ಮುಹ್ಸಿನಾ ಕಣ್ಣು ಬಿಟ್ಟಳು. "ಯಾರಿಗೆ ಉಮ್ಮಾ ಹೇಳುದು?"

"ಒಬ್ಬ ನೆಂಟ ಬಂದಿದ್ದಾನೆ. ಅವನು ಹೋಗುವಾಗ ಹೋಗ್ಲಿ. ನಾನು ಇಲ್ಲೇ ಇದ್ದೇನೆ, ನೀನು ಮಲಗು."